ಒಂದು ಫೋನ್ ಕಳವಿನ ಜೊತೆಗೆ ನಡೆಯಿರಿ: ಮುಂಬೈನ ಕನ್ನಡ ವಿದ್ಯಾರ್ಥಿಗಳಿಗೆ ಕೋರ್ಟು, ಕ್ರಿಮಿನಲ್ ಕಾನೂನಿನ ಮೊದಲ ಪಾಠ

ಲಾ ಸಿಇಟಿಗೆ ಕೂರುವ ನಮ್ಮ ಹುಡುಗ ಹುಡುಗಿಯರಲ್ಲಿ ಜಾಸ್ತಿ ಮಂದಿ ಕಲಂಗಳ ಪಟ್ಟಿಯಿಂದಲೇ ಓದು ಶುರು ಮಾಡುತ್ತಾರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 358 ಕಲಂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 170. ಉರು ಹೊಡೆದರೆ ಒಂದು ವಾರ ನೆನಪಿರುತ್ತದೆ, ಆಮೇಲೆ ಎಲ್ಲ ಕಲಸುಮೇಲೋಗರ. ಅದರ ಬದಲು ಒಂದು ಸಣ್ಣ ಕೇಸು ಹಿಡಿದುಕೊಳ್ಳಿ. ಅದು ಠಾಣೆಯಿಂದ ಕೋರ್ಟಿಗೆ, ಕೋರ್ಟಿನಿಂದ ಮೇಲಿನ ಕೋರ್ಟಿಗೆ ಹೋಗುವಾಗ ಜೊತೆಗೇ ನಡೆಯಿರಿ. ಪ್ರತಿ ಹಂತದಲ್ಲೂ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಈಗ ಮುಂದಿರುವ ಕಾಗದ ಯಾವುದು? ತೀರ್ಮಾನ ಯಾರದು? ಗಡುವು ಎಷ್ಟು?

ನಮ್ಮ ಕೇಸು ಇದು. ಕುಂದಾಪುರ ಕಡೆಯ ಹುಡುಗನೊಬ್ಬ, ಸುರೇಶ ಎನ್ನೋಣ. ಮಾಟುಂಗಾದ ಹೋಟೆಲ್ ಒಂದರಲ್ಲಿ ಕೌಂಟರ್ ಕೆಲಸ, ಸಂಜೆ ಕಾಲೇಜು, ವಾಸ ಡೊಂಬಿವಲಿಯಲ್ಲಿ. ರಾತ್ರಿ ಸ್ಲೋ ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತಿದ್ದಾನೆ. ಕುರ್ಲಾದಲ್ಲಿ ಗಾಡಿ ಹೊರಡುವ ಹೊತ್ತಿಗೆ ಒಬ್ಬ ಅವನ ಕೈಯಿಂದ ಫೋನ್ ಕಿತ್ತುಕೊಂಡು ಪ್ಲಾಟ್‌ಫಾರಂಗೆ ಹಾರಿ ಓಡಿದ.

ಹಂತ 1: ಸಿವಿಲ್ಲೋ ಕ್ರಿಮಿನಲ್ಲೋ?

ಫೋನ್ ಕಿತ್ತುಕೊಂಡದ್ದು ಕ್ರಿಮಿನಲ್, ಅದರಲ್ಲಿ ಗೊಂದಲವಿಲ್ಲ. ಕೇಸಿನ ಹೆಸರೇ 'ಮಹಾರಾಷ್ಟ್ರ ಸರ್ಕಾರ ವಿರುದ್ಧ ಇಂಥವನು' ಎಂದಿರುತ್ತದೆ. ಸುರೇಶ ಫಿರ್ಯಾದಿ ಮಾತ್ರ. ಕೇಸು ನಡೆಸುವುದು ಸರ್ಕಾರ.

ಆದರೆ ಪಿಜಿ ಮಾಲೀಕ ಡಿಪಾಸಿಟ್ ವಾಪಸ್ ಕೊಡುತ್ತಿಲ್ಲ ಅನ್ನಿ. ಸಾಮಾನ್ಯವಾಗಿ ಅದು ಸಿವಿಲ್ ವ್ಯಾಜ್ಯ. ಪೊಲೀಸರು "ಇದು ನಮ್ಮದಲ್ಲ" ಎಂದರೆ ಸುಮ್ನೆ ಜಗಳ ಆಡಬೇಡಿ, ಅವರು ಹೇಳುವುದು ಸರಿ. ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಎಂದು ತೋರಿಸಲು ಸಾಧ್ಯವಾದರೆ ಮಾತ್ರ ನ್ಯಾಯ ಸಂಹಿತೆಯ ವಂಚನೆಯ ಕಲಂ 318 ಬರುತ್ತದೆ. ಚೆಕ್ ಬೌನ್ಸ್ ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟ ವಿಷಯ. ಹಣದ ಜಗಳವಾದರೂ ಮ್ಯಾಜಿಸ್ಟ್ರೇಟ್ ಮುಂದೆ ಕ್ರಿಮಿನಲ್ ಫಿರ್ಯಾದಿ ಹಾಕಬೇಕು. ಅಲ್ಲಿ ಗಡುವು ಬಿಗಿ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಹೋಟೆಲ್ ವ್ಯವಹಾರದ ಮನೆಯಿಂದ ಬಂದವರು ಇದನ್ನು ಮೊದಲೇ ಕಲಿತಿರುತ್ತಾರೆ.

ಹಂತ 2: ತಾರೀಖು ನೋಡಿ, ಆಮೇಲೆ ಪುಸ್ತಕ ತೆಗೆಯಿರಿ

2024ರ ಜುಲೈ 1ರಿಂದ ಮೂರು ಹೊಸ ಕಾಯ್ದೆ ಜಾರಿಯಲ್ಲಿವೆ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂತು. ಯಾವುದು ಅಪರಾಧ, ಶಿಕ್ಷೆ ಎಷ್ಟು ಎಂದು ಹೇಳುವುದು ಇದು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ ಬಂತು. ಎಫ್‌ಐಆರ್‌ನಿಂದ ಅಪೀಲಿನವರೆಗೆ ಕೇಸು ಹೇಗೆ ನಡೆಯಬೇಕು ಎನ್ನುವುದು ಇದರಲ್ಲಿದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ.

ಕೃತ್ಯ ನಡೆದದ್ದು ಜುಲೈ 1ಕ್ಕೆ ಮೊದಲಾದರೆ ಅಪರಾಧ ಮತ್ತು ಶಿಕ್ಷೆಯ ಮಟ್ಟಿಗೆ ಹಳೆಯ ದಂಡ ಸಂಹಿತೆಯೇ. ಹಾಗಾಗಿ ಇನ್ನೂ ಎಷ್ಟೋ ವರ್ಷ ಕೋರ್ಟುಗಳಲ್ಲಿ ಎರಡೂ ಓಡುತ್ತವೆ. ಹಳೆಯ ಪುಸ್ತಕ ರದ್ದಿಗೆ ಹಾಕಬೇಡಿ.

ಪರೀಕ್ಷೆಯಲ್ಲಿ ಜನ ಬೀಳುವುದು ನಂಬರುಗಳಲ್ಲಿ. ಕೊಲೆಗೆ ಶಿಕ್ಷೆ ಹಳೆಯದರಲ್ಲಿ 302, ಈಗ 103. ಹೊಸ 302 ಎಂದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಉದ್ದೇಶದಿಂದ ಆಡುವ ಮಾತು! ಊರೆಲ್ಲ ಬಯ್ಯಲು ಬಳಸುವ 420 ಈಗ 318ರ ನಾಲ್ಕನೇ ಉಪಕಲಂ. ಎಲ್ಲಕ್ಕಿಂತ ಕೆಟ್ಟದ್ದು 482. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಕೇಸು ರದ್ದು ಮಾಡುವಂಥ ಹೈಕೋರ್ಟಿನ ಅಂತರ್ಗತ ಅಧಿಕಾರ, 438 ಎಂದರೆ ನಿರೀಕ್ಷಣಾ ಜಾಮೀನು. ಹೊಸದರಲ್ಲಿ ನಿರೀಕ್ಷಣಾ ಜಾಮೀನೇ 482, ಅಂತರ್ಗತ ಅಧಿಕಾರ 528ಕ್ಕೆ ಹೋಯಿತು, 438 ರಿವಿಜನ್ (ಕೆಳ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು ಮರುಪರಿಶೀಲಿಸುವುದು) ಆಯಿತು. ತೀರ್ಪು ಓದುವಾಗ ನಂಬರಿನ ಪಕ್ಕದಲ್ಲಿ ಕಾಯ್ದೆಯ ಹೆಸರು ಬರೆದುಕೊಳ್ಳುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಸುರೇಶನ ಕೇಸಿಗೆ ಬರುವುದು ನ್ಯಾಯ ಸಂಹಿತೆಯ ಕಲಂ 304. ಹಠಾತ್ತನೆ ಅಥವಾ ಬಲವಂತವಾಗಿ ಕಸಿದುಕೊಂಡು ಓಡುವುದಕ್ಕೆ ಹಳೆಯ ಸಂಹಿತೆಯಲ್ಲಿ ಪ್ರತ್ಯೇಕ ಕಲಂ ಇರಲಿಲ್ಲ, ಈಗ ಇದೆ. ಮೂರು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಹೊಡೆದು, ಚಾಕು ತೋರಿಸಿ ಕಿತ್ತುಕೊಂಡಿದ್ದರೆ ಅದು ಸುಲಿಗೆ, ಕಲಂ 309, ಹತ್ತು ವರ್ಷದವರೆಗೆ. ಒಂದೇ ಫೋನು, ಆದರೆ ಕಿತ್ತುಕೊಂಡ ರೀತಿ ಬೇರೆಯಾದರೆ ಕಲಂ ಬೇರೆ.

ಹಂತ 3: ಠಾಣೆ ಮತ್ತು ಎಫ್‌ಐಆರ್

ಲೋಕಲ್‌ನಲ್ಲಿ ನಡೆದದ್ದು ರೈಲ್ವೆ ಪೊಲೀಸರಿಗೆ, ಅಂದರೆ ಜಿಆರ್‌ಪಿಗೆ ಸೇರಿದ್ದು. ಅವರ ಸಹಾಯವಾಣಿ 1512. ಕೃತ್ಯ ಕುರ್ಲಾದಲ್ಲಿ. ಸುರೇಶ ಇಳಿದದ್ದು ಡೊಂಬಿವಲಿಯಲ್ಲಿ. ಈಗ ವಾಪಸ್ ಕುರ್ಲಾಕ್ಕೆ ಹೋಗಬೇಕಾ? ಬೇಡ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಝೀರೋ ಎಫ್‌ಐಆರ್ ಬರೆದು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆನ್‌ಲೈನಲ್ಲೂ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಇಲ್ಲಿ ಒಂದು ಕಿವಿಮಾತು. 'ಕಳೆದುಹೋಗಿದೆ' ಎಂದು ಬರೆದುಕೊಟ್ಟರೆ ಸಿಗುವುದು ಬರೀ ಲಾಸ್ಟ್ ರಿಪೋರ್ಟ್. ಡುಪ್ಲಿಕೇಟ್ ಸಿಮ್ ತೆಗೆಯಲು ಅದು ಸಾಕು, ಕಳ್ಳನನ್ನು ಹುಡುಕಲು ಸಾಕಾಗದು. ಕಿತ್ತುಕೊಂಡಿದ್ದಾನೆ ಎಂದರೆ ಹಾಗೇ ಹೇಳಿ, ಹಾಗೇ ಬರೆಸಿ. ಎಫ್‌ಐಆರ್ ಬೇರೆ, 'ಎನ್‌ಸಿ' ಬೇರೆ. ಎನ್‌ಸಿ ಅಂದರೆ ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧ. ಉದಾಹರಣೆಗೆ ನೆರೆಮನೆಯವರ ಬೈಗುಳ. ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಇದ್ದರೆ ಎಫ್‌ಐಆರ್ ಬರೆಯಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೆಯದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ. ಮೂರರಿಂದ ಏಳು ವರ್ಷದ ಒಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಹೊಸ ಕಾಯ್ದೆಯಲ್ಲಿದೆ. ಇದೊಂದು ಬದಲಾವಣೆ ಮರೆಯಬೇಡಿ.

ಎಫ್‌ಐಆರ್ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೇಲೆ ಠಾಣೆಯ ಹೆಸರು, ವರ್ಷ, ಗುನ್ಹೆ ನಂಬರು. ಆಮೇಲೆ ಕಾಯ್ದೆ, ಕಲಂ. ಕೃತ್ಯ ನಡೆದ ಹೊತ್ತು ಒಂದು ಕಡೆ, ಠಾಣೆಗೆ ಮಾಹಿತಿ ಬಂದ ಹೊತ್ತು ಇನ್ನೊಂದು ಕಡೆ. ಇವೆರಡರ ನಡುವೆ ಅಂತರ ಜಾಸ್ತಿ ಇದ್ದರೆ ಅದಕ್ಕೆ ಕಾರಣ ಬರೆಯಲೂ ಒಂದು ಕಾಲಂ ಇದೆ. ಮುಂದೆ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಮೊದಲು ಬೆರಳಿಡುವ ಜಾಗವೇ ಅದು: "ರಾತ್ರಿ ನಡೆದದ್ದಕ್ಕೆ ಮರುದಿನ ಮಧ್ಯಾಹ್ನ ಯಾಕೆ ಬಂದಿರಿ?" ಸುರೇಶ ಆ ಕಾಲಂನಲ್ಲಿ ಒಂದು ಸಾಲು ಬರೆಸಿದ್ದರೆ ಅಲ್ಲಿ ತಡವರಿಸುವುದಿಲ್ಲ. ಆರೋಪಿಯ ಹೆಸರು ಗೊತ್ತಿಲ್ಲದಿದ್ದರೆ 'ಅಪರಿಚಿತ' ಎಂದು ಬರೆಯುತ್ತಾರೆ, ಆದರೆ ಎತ್ತರ, ಅಂಗಿಯ ಬಣ್ಣ, ಮುಖದ ಗುರುತು ಹೇಳಲೇಬೇಕು. ಫೋನಿನ ಐಎಂಇಐ ನಂಬರೂ (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಬೇಕು. ಅದನ್ನು ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಹಾಕಿ ಫೋನ್ ಬ್ಲಾಕ್ ಮಾಡಿಸಿ. ಡಬ್ಬಿಯ ಮೇಲಿರುವ ನಂಬರನ್ನು ಈಗಲೇ ಎಲ್ಲಾದರೂ ಬರೆದಿಡಿ, ಫೋನ್ ಹೋದ ಮೇಲೆ ಡಬ್ಬಿ ಸಿಗುವುದಿಲ್ಲ, ಅಲ್ವಾ?

ಮುಂಬೈಯಲ್ಲಿ ಎಫ್‌ಐಆರ್ ಮರಾಠಿಯಲ್ಲಿರುತ್ತದೆ. ಊರಿಂದ ಹೊಸದಾಗಿ ಬಂದವರಿಗೆ ಲಿಪಿ ಓದಲು ಬಂದರೂ ಭಾಷೆ ಪೂರ್ತಿ ದಕ್ಕುವುದಿಲ್ಲ. ಸಹಿಗೆ ಮೊದಲು ಓದಿ ಹೇಳುವುದು ಪೊಲೀಸರ ಕರ್ತವ್ಯ. ಸಂಕೋಚ ಬೇಡ, "ಸಾಹೇಬ್, ಹಿಂದಿಯಲ್ಲಿ ಒಮ್ಮೆ ಹೇಳಿ" ಎನ್ನಿ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅಭ್ಯಾಸಕ್ಕೆ ಬೇಕಾದರೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳು ಮಹಾರಾಷ್ಟ್ರ ಪೊಲೀಸರ ಸಿಟಿಜನ್ ಪೋರ್ಟಲ್‌ನಲ್ಲಿ ಸಿಗುತ್ತವೆ. ವಾರಕ್ಕೊಂದು ಓದಿದರೆ ಮರಾಠಿಯೂ ಬರುತ್ತದೆ, ಕಾನೂನೂ ಬರುತ್ತದೆ.

ಹಂತ 4: ಬಂಧನ, ರಿಮಾಂಡ್, ಜಾಮೀನು

ಕೆಲವು ದಿನದ ನಂತರ ಒಬ್ಬ ಸಿಕ್ಕಿಬಿದ್ದ ಎನ್ನೋಣ. ಈಗ ಕಥೆಯ ಹೀರೋ ಬದಲಾಗುತ್ತಾನೆ. ಇಲ್ಲಿಯವರೆಗೆ ನಾವು ಸುರೇಶನ ಪರ ಯೋಚಿಸಿದೆವು. ಇನ್ನು ಮುಂದೆ ಕಾನೂನು ಹೆಚ್ಚು ಕಾಯುವುದು ಆರೋಪಿಯನ್ನು. ಹೊಸ ವಿದ್ಯಾರ್ಥಿಗಳಿಗೆ ಇದು ಸಿಟ್ಟು ತರಿಸುತ್ತದೆ, "ಕಳ್ಳನಿಗೆ ಇಷ್ಟು ಹಕ್ಕು ಯಾಕೆ?" ಎಂದು ಕೇಳುತ್ತಾರೆ. ಹಿಡಿದವನೇ ಕಳ್ಳ ಎಂದು ಇನ್ನೂ ಯಾರೂ ತೀರ್ಮಾನಿಸಿಲ್ಲ. ಅದಕ್ಕೇ.

ಬಂಧಿಸಿದಾಗ ಕಾರಣ ತಿಳಿಸಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ವಕೀಲರನ್ನು ನೋಡಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಬಂಧನ ಯಾಕೆ ಬೇಕಾಯಿತು ಎಂದು ಪೊಲೀಸರು ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರ ನೋಟಿಸ್ ಕೊಟ್ಟು ಕರೆಸಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿ ಮಾಡಿತು. ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಿಶೇಷ ಕಾರಣ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ.

ಮ್ಯಾಜಿಸ್ಟ್ರೇಟ್ ಆರೋಪಿಯನ್ನು ಕಸ್ಟಡಿಗೆ ಕಳಿಸುವುದೇ ರಿಮಾಂಡ್. ಆಗ ಮುಂಬೈ ಕೋರ್ಟಿನಲ್ಲಿ ಕಿವಿಗೆ ಬೀಳುವ ಎರಡು ಮಾತು: ಪಿಸಿ, ಎಂಸಿ. ಪಿಸಿ ಎಂದರೆ ಪೊಲೀಸ್ ಕಸ್ಟಡಿ, ಒಟ್ಟು 15 ದಿನ ಮೀರುವಂತಿಲ್ಲ. ಎಂಸಿ ಎಂದರೆ ಮ್ಯಾಜಿಸ್ಟ್ರೇಟ್ ಕಸ್ಟಡಿ, ಅಂದರೆ ಜೈಲು: ಆರ್ಥರ್ ರೋಡ್, ತಲೋಜಾ, ಕಲ್ಯಾಣ ಕಡೆಯಾದರೆ ಆಧಾರವಾಡಿ. ಆರೋಪಿಗೆ 18 ತುಂಬಿಲ್ಲವೆಂದರೆ ಈ ದಾರಿಯೇ ಬೇರೆ. ಅವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು.

ಜಾಮೀನಿನಲ್ಲಿ ಮೊದಲು ನೋಡಬೇಕಾದ್ದು ಅಪರಾಧ ಜಾಮೀನು ಯೋಗ್ಯವೇ ಎನ್ನುವುದು. ಯೋಗ್ಯವಾದರೆ ಜಾಮೀನು ಹಕ್ಕು, ಠಾಣೆಯಲ್ಲೇ ಸಿಗಬೇಕು. ಅಲ್ಲದಿದ್ದರೆ ಕೋರ್ಟಿನ ವಿವೇಚನೆ. ಕಸಿದುಕೊಳ್ಳುವುದು ಎರಡನೇ ಗುಂಪಿನದು. 'ಜಾಮೀನು ರಹಿತ' ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಪತ್ರಿಕೆ ಓದಿದವರು ತಿಳಿಯುತ್ತಾರೆ. ಹಾಗಲ್ಲ, ಕೇಳಿ ಪಡೆಯಬೇಕು ಅಷ್ಟೇ. ಬಂಧನಕ್ಕೆ ಮೊದಲೇ ಕೇಳುವುದು ನಿರೀಕ್ಷಣಾ ಜಾಮೀನು. ಅದನ್ನು ಮ್ಯಾಜಿಸ್ಟ್ರೇಟ್ ಕೊಡುವಂತಿಲ್ಲ, ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿಗೇ ಹೋಗಬೇಕು.

ಇನ್ನೊಂದು ಇದೆ, ಪರೀಕ್ಷೆಗೂ ಬದುಕಿಗೂ ಮುಖ್ಯ: ಡಿಫಾಲ್ಟ್ ಬೇಲ್. ಆರೋಪಿ ಕಸ್ಟಡಿಯಲ್ಲಿದ್ದು 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ ಈ ಗಡುವು 90 ದಿನ. ಆದರೆ ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಆ ದಿನ ಎಣಿಸುವವರಿಲ್ಲದೆ ಒಳಗೇ ಉಳಿಯುವ ಬಡವರಿದ್ದಾರೆ.

ಹಂತ 5: ಸಾಕ್ಷ್ಯ ಎಲ್ಲಿಂದ ಬರುತ್ತದೆ?

ಇಡೀ ವಿಷಯದಲ್ಲಿ ನನಗೆ ಅತಿ ರುಚಿಯಾದ ಭಾಗ ಇದು. ಸಿಕ್ಕವನು ಪೊಲೀಸರ ಮುಂದೆ "ಹೌದು, ನಾನೇ ಕಿತ್ತುಕೊಂಡೆ. ಫೋನನ್ನು ಧಾರಾವಿಯ ಇಂಥ ಖೋಲಿಯಲ್ಲಿ, ಟಿವಿ ಹಿಂದೆ ಇಟ್ಟಿದ್ದೇನೆ" ಎನ್ನುತ್ತಾನೆ. ಪೊಲೀಸರು ಇಬ್ಬರು ಪಂಚರನ್ನು (ಹೊರಗಿನ ಸಾಕ್ಷಿಗಳನ್ನು) ಕರೆದುಕೊಂಡು ಹೋಗುತ್ತಾರೆ, ಫೋನ್ ಅಲ್ಲೇ ಸಿಗುತ್ತದೆ, ಪಂಚನಾಮೆ ಆಗುತ್ತದೆ.

ಈಗ ಕೇಸು ಗೆದ್ದಂತೆಯೇ? ಇಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 23 ನೋಡಿ. ಹೊಡೆದು ಒಪ್ಪಿಸಬಾರದು ಎಂಬ ಎಚ್ಚರ ಅದರ ಹಿಂದಿದೆ. ಹಾಗಾಗಿ "ನಾನೇ ಕಿತ್ತುಕೊಂಡೆ" ಎಂಬ ಮಾತು ಬಿದ್ದುಹೋಗುತ್ತದೆ. ಆದರೆ ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಅವನ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ತುಣುಕು ಮಾತ್ರ ಉಳಿಯುತ್ತದೆ. "ಟಿವಿ ಹಿಂದೆ ಇಟ್ಟಿದ್ದೇನೆ" ಎಂಬುದು ಉಳಿಯಿತು. ಒಂದೇ ಉಸಿರಿನಲ್ಲಿ ಆಡಿದ ಮಾತನ್ನು ಕೋರ್ಟು ಹೀಗೆ ಕತ್ತರಿಸಿ ನೋಡುತ್ತದೆ. ಇಷ್ಟು ಅರ್ಥವಾದರೆ ಸಾಕ್ಷ್ಯ ಕಾಯ್ದೆಯ ಅರ್ಧ ಭಯ ಹೋಯಿತು.

ಫೋನ್ ಅವನಲ್ಲಿತ್ತು ಎಂದ ಮಾತ್ರಕ್ಕೆ ಕಿತ್ತುಕೊಂಡವನೂ ಅವನೇ ಎಂದಾಗುವುದಿಲ್ಲ. ಕಳವಿನ ಮಾಲು ಕೊಂಡವನೂ ಆಗಿರಬಹುದು. ಅದಕ್ಕೆ ಗುರುತು ಪರೇಡ್ ಇದೆ. ಒಂದೇ ತರ ಕಾಣುವ ಹಲವರ ನಡುವೆ ನಿಲ್ಲಿಸಿ ಸುರೇಶನಿಂದ ಗುರುತು ಹಿಡಿಸುತ್ತಾರೆ. ಠಾಣೆಯಲ್ಲಿ ಮೊದಲೇ ಆರೋಪಿಯನ್ನು ತೋರಿಸಿಬಿಟ್ಟಿದ್ದರೆ ಪರೇಡಿಗೆ ಬೆಲೆ ಉಳಿಯುವುದಿಲ್ಲ. ಪೊಲೀಸರು ತನಿಖೆಯಲ್ಲಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಿಲ್ಲ ಎಂಬುದೂ ನೆನಪಿರಲಿ.

ಸಿಕ್ಕ ಫೋನ್ ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು. ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಕೊಟ್ಟು, ಬಿಲ್ ತೋರಿಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಬಿಲ್ ಎಸೆಯಬೇಡಿ.

ಹಂತ 6: ಯಾವ ಕೋರ್ಟ್?

ಚಾರ್ಜ್‌ಶೀಟ್ ಬಂತು. ಮೂರು ವರ್ಷದ ಅಪರಾಧ, ಹಾಗಾಗಿ ಮ್ಯಾಜಿಸ್ಟ್ರೇಟ್ ಕೋರ್ಟ್. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ ಹಾಕಬಹುದು. ಚೀಫ್ ಜುಡಿಶಿಯಲ್ ಮ್ಯಾಜಿಸ್ಟ್ರೇಟ್ ಏಳು ವರ್ಷದವರೆಗೆ. ಹಳೆಯ ಪುಸ್ತಕದಲ್ಲಿ ಮುಂಬೈಗೆ 'ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್' ಎಂದಿರುತ್ತದೆ. ಹೊಸ ಕಾಯ್ದೆಯಲ್ಲಿ ಆ ಹುದ್ದೆಯೇ ಇಲ್ಲ. ಮುಂಬೈಯಲ್ಲಿ ಈ ಮಟ್ಟದ ಕೋರ್ಟುಗಳು ಎಸ್‌ಪ್ಲನೇಡ್ (ಜನ ಕಿಲ್ಲಾ ಕೋರ್ಟ್ ಎನ್ನುತ್ತಾರೆ), ಬಾಂದ್ರಾ, ಅಂಧೇರಿ, ಕುರ್ಲಾ, ಬೋರಿವಲಿ, ಮುಲುಂಡ್ ಮುಂತಾದ ಕಡೆ ಇವೆ. ಡೊಂಬಿವಲಿ ಥಾಣೆ ಜಿಲ್ಲೆ, ಅಲ್ಲಿನವರಿಗೆ ಕಲ್ಯಾಣ ಕೋರ್ಟ್. ಮುಂಬೈ ಎಂದು ನಾವು ಕರೆಯುವುದೆಲ್ಲ ಕೋರ್ಟಿನ ಲೆಕ್ಕದಲ್ಲಿ ಮುಂಬೈ ಅಲ್ಲ.

ಕೊಲೆಯಂಥ ದೊಡ್ಡ ಅಪರಾಧವಾದರೆ ಮ್ಯಾಜಿಸ್ಟ್ರೇಟ್ ಕೇಸನ್ನು ಸೆಷನ್ಸ್‌ಗೆ ಒಪ್ಪಿಸುತ್ತಾರೆ. ಸೆಷನ್ಸ್ ನ್ಯಾಯಾಧೀಶರು ಮರಣದಂಡನೆಯನ್ನೂ ಕೊಡಬಹುದು, ಆದರೆ ಹೈಕೋರ್ಟ್ ಖಾಯಂ ಮಾಡುವವರೆಗೆ ಜಾರಿಯಾಗದು. ಇದಕ್ಕೆ ಮುಂಬೈಯದೇ ಉದಾಹರಣೆ ಕಸಬ್ ಕೇಸು. ಆರ್ಥರ್ ರೋಡ್ ಜೈಲಿನ ವಿಶೇಷ ಕೋರ್ಟ್ 2010ರ ಮೇಯಲ್ಲಿ ಗಲ್ಲು ವಿಧಿಸಿತು. ಬಾಂಬೆ ಹೈಕೋರ್ಟ್ 2011ರ ಫೆಬ್ರುವರಿಯಲ್ಲಿ ಖಾಯಂ ಮಾಡಿತು. ಸುಪ್ರೀಂ ಕೋರ್ಟ್ 2012ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. ನವೆಂಬರ್ 21ರಂದು ಪುಣೆಯ ಯೆರವಡಾದಲ್ಲಿ ಗಲ್ಲಾಯಿತು. ಏಣಿಯ ಪ್ರತಿ ಮೆಟ್ಟಿಲೂ ಅಲ್ಲಿದೆ.

ಹಂತ 7: ವಿಚಾರಣೆ ಮತ್ತು ಅಪೀಲು

ಕ್ರಮ ಹೀಗೆ: ಆರೋಪ ಓದಿ ಹೇಳುವುದು, ಒಪ್ಪುತ್ತೀಯಾ ಎಂದು ಕೇಳುವುದು, ಸರ್ಕಾರಿ ಪಕ್ಷದ ಸಾಕ್ಷಿಗಳು, ಪ್ರತಿಯೊಬ್ಬರಿಗೂ ಪಾಟೀಸವಾಲು, ಆರೋಪಿಯ ಹೇಳಿಕೆ, ಬೇಕಿದ್ದರೆ ಅವನ ಪರ ಸಾಕ್ಷಿ, ವಾದ, ತೀರ್ಪು. ಸಾಬೀತು ಮಾಡುವ ಹೊರೆ ಸರ್ಕಾರದ್ದು, ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ. ಆರೋಪಿ ಬಾಯಿ ಮುಚ್ಚಿಕೊಂಡು ಕೂತರೂ ಅದೇ ಕಾರಣಕ್ಕೆ ಅಪರಾಧಿ ಆಗುವುದಿಲ್ಲ. ಸಾಕ್ಷಿ ಆಡಿದ ಭಾಷೆ ಆರೋಪಿಗೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು. ನಮ್ಮವರಿಗೆ ಇದು ಉಪಯೋಗಕ್ಕೆ ಬರುವ ಮಾತು.

ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟರೆ ಅಪೀಲು ಸೆಷನ್ಸ್‌ಗೆ. ಮುಂಬೈಯಲ್ಲಿ ಅದು ಕಾಲಾ ಘೋಡಾದ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟ್, ಉಪನಗರಕ್ಕೆ ದಿಂಡೋಶಿ. ಸೆಷನ್ಸ್ ಶಿಕ್ಷೆ ಕೊಟ್ಟರೆ ಹೈಕೋರ್ಟ್. 1862ರಲ್ಲಿ ಶುರುವಾದ ಬಾಂಬೆ ಹೈಕೋರ್ಟಿಗೆ ನಾಗಪುರ, ಔರಂಗಾಬಾದ್, ಗೋವಾದಲ್ಲೂ ಪೀಠಗಳಿವೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಅಪೀಲುಗಳೂ ಇಲ್ಲಿಗೇ ಬರುತ್ತಿದ್ದವು. ಹಳೆಯ ತೀರ್ಪುಗಳಲ್ಲಿ ನಮ್ಮ ಊರಿನ ಹೆಸರು ಕಂಡರೆ ಆಶ್ಚರ್ಯಪಡಬೇಡಿ.

ಒಂದು ಹಳೆಯ ಕೇಸು ಓದಲೇಬೇಕೆಂದರೆ ನಾನಾವತಿ ಕೇಸು. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಒಬ್ಬರನ್ನು ಗುಂಡಿಟ್ಟು ಕೊಂದರು. ಸೆಷನ್ಸ್‌ನ ಜ್ಯೂರಿ (ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ) 8-1ರಲ್ಲಿ ನಿರ್ದೋಷಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇದೇ ದೇಶದ ಕೊನೆಯ ಜ್ಯೂರಿ ಕೇಸು ಎನ್ನುವುದು ಬರೀ ಬಾಯಿಮಾತು. ಅದರ ನಂತರವೂ ಜ್ಯೂರಿ ವಿಚಾರಣೆಗಳು ನಡೆದಿವೆ.

ಹಂತ 8: ಹೋಗಿ ಕೂರಿ

ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದದ್ದು. ಅತ್ಯಾಚಾರ, ಪೋಕ್ಸೋದಂಥ ಕೇಸುಗಳು ಮಾತ್ರ ಮುಚ್ಚಿದ ಕೋಣೆಯಲ್ಲಿ. ಕಾಲೇಜಿನ ಗುರುತಿನ ಚೀಟಿ ಇಟ್ಟುಕೊಳ್ಳಿ, ಮೊಬೈಲ್ ಸ್ವಿಚ್ ಆಫ್, ಹಿಂದಿನ ಬೆಂಚು, ಒಳಗೆ ಹೋಗುವಾಗ ಬರುವಾಗ ತಲೆ ಬಾಗಿಸಿ. ರೆಕಾರ್ಡಿಂಗ್ ಮಾಡಿದರೆ ಕಷ್ಟಕ್ಕೆ ಬೀಳುತ್ತೀರಿ. ಬೆಳಗ್ಗಿನ ಹೊತ್ತು ಬರೀ ತಾರೀಖು ಕೊಡುವುದರಲ್ಲಿ ಹೋಗಬಹುದು. ಸಾಕ್ಷಿ ವಿಚಾರಣೆ ಇರುವ ಕೋಣೆ ಯಾವುದು ಎಂದು ಶಿಪಾಯಿಯನ್ನು ಕೇಳಿ.

ಯಾರಾದರೂ ಪರಿಚಯದವರು ಕೇಸಿನಲ್ಲಿ ಸಿಕ್ಕಿಕೊಂಡು ವಕೀಲರಿಗೆ ಹಣವಿಲ್ಲ ಎಂದರೆ 15100ಕ್ಕೆ ಫೋನ್ ಮಾಡಿಸಿ, ಅದು ಕಾನೂನು ಸೇವಾ ಪ್ರಾಧಿಕಾರದ ನಂಬರು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ನೋಡಿದ ಕೇಸುಗಳಲ್ಲಿ ಒಂದನ್ನು ಆರಿಸಿಕೊಂಡು ಆ ಕೇಸಿಗೆ ಮಾತ್ರ ಸೇರಿದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ಉಳಿಸಿಕೊಳ್ಳಿ. ಮುಂದಿನ ತಾರೀಖು ಅಲ್ಲೇ ಬರುತ್ತದೆ. ಆ ದಿನ ಏನಾಯಿತು ಎಂದು ಕೋರ್ಟಿನವರು ರೋಜ್‌ನಾಮೆಯಲ್ಲಿ ಬರೆಯುತ್ತಾರೆ. ನೀವೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾರು ಬಂದರು, ಯಾರು ಬರಲಿಲ್ಲ, ಮುಂದೂಡಲು ಕಾರಣ ಏನು, ಕೇಸು ಈಗ ಯಾವ ಹಂತದಲ್ಲಿದೆ.